ದೋಣಿಗೆ ಎರಡನೇ ಮೋಟಾರ್: ಶಾಫ್ಟ್ ಮೊದ್ಲು, ಎಚ್‌ಪಿ ಆಮೇಲೆ

ಸಿಯಾಟಲ್ ಸುತ್ತಮುತ್ತ ಒಳನಾಡಿಗೆ ಚಾಚಿರೋ ಸಮುದ್ರದ ಕೊಲ್ಲಿ ಪ್ಯೂಜೆಟ್ ಸೌಂಡ್‌ನಲ್ಲಿ ಸಾಲ್ಮನ್ ಹಿಡಿಯೋಕೆ ಅಂತ ಸಣ್ಣ ದೋಣಿ ಇಟ್ಕೊಂಡಿರೋ ನಮ್ ಕನ್ನಡದ ಗೆಳೆಯರು ಸಿಕ್ಕಾಗೆಲ್ಲ ಕೇಳೋದು ಒಂದೇ, ಕಿಕ್ಕರ್ ಎಷ್ಟು ಎಚ್‌ಪಿದು ತಗೊಳ್ಳೋದು ಅಂತ. ಕಿಕ್ಕರ್ ಅಂದ್ರೆ ದೊಡ್ಡ ಇಂಜಿನ್ ಪಕ್ಕದಲ್ಲಿ ದೋಣಿ ಹಿಂಭಾಗಕ್ಕೆ ಕಟ್ಟೋ ಸಣ್ಣ ಔಟ್‌ಬೋರ್ಡ್ ಮೋಟಾರ್. ಗಾಳ ಬಿಟ್ಕೊಂಡು ಗಂಟೆಗೆ 2-3 ಮೈಲಿ ಸ್ಪೀಡಲ್ಲಿ ಮೆಲ್ಲಗೆ ಹೋಗೋಕೂ ಅದೇ ಬೇಕು, ದೊಡ್ಡ ಇಂಜಿನ್ ಕೈಕೊಟ್ಟಾಗ ದಡ ಸೇರ್ಸೋಕೂ ಅದೇ ಬೇಕು. ಆರಿಸೋವಾಗ ಈ ಎರಡನೇ ಕೆಲಸಾನೇ ತಲೇಲಿಟ್ಕೊಳ್ಳಿ ಅಂತೀನಿ ನಾನು, ಯಾಕಂದ್ರೆ ಇಲ್ಲಿ ನಡುನೀರು ಬೇಸಿಗೆಲೂ 12-13 ಡಿಗ್ರಿ ಸೆಲ್ಸಿಯಸ್ ಆಸುಪಾಸೇ ಇರುತ್ತೆ, ಬಿದ್ರೆ ಸ್ವಲ್ಪ ಹೊತ್ತಲ್ಲೇ ಕೈಕಾಲು ಮರಗಟ್ಟುತ್ತೆ, ಮಕ್ಕಳನ್ನ ಕೂರಿಸ್ಕೊಂಡು ಹೋಗಿರ್ತೀವಿ.

ಎಚ್‌ಪಿಗೆ ಅಷ್ಟು ತಲೆ ಕೆಡಿಸ್ಕೋಬೇಡಿ. ದೋಣಿ ಮೇಲಕ್ಕೆದ್ದು ಓಡದೆ ನೀರು ಸೀಳ್ಕೊಂಡು ಹೋಗೋವಾಗ ಅದರ ಸ್ಪೀಡಿಗೆ ಒಂದು ಮಿತಿ ಇದೆ, ನೀರಿಗೆ ತಾಗೋ ಉದ್ದ ಎಷ್ಟು ಅಡಿ ಇದ್ಯೋ ಅದರ ವರ್ಗಮೂಲಾನ 1.34ರಿಂದ ಗುಣಿಸಿದ್ರೆ ಹೆಚ್ಚುಕಮ್ಮಿ ನಾಟ್ ಲೆಕ್ಕದಲ್ಲಿ ಸಿಗುತ್ತೆ. 16 ಅಡಿಗೆ ಸುಮಾರು 5.4 ನಾಟ್, ಅಂದ್ರೆ ಗಂಟೆಗೆ 10 ಕಿಲೋಮೀಟರ್. 8 ಎಚ್‌ಪಿ ಬದ್ಲು 15 ಹಾಕಿದ್ರೂ ಶಾಂತ ನೀರಲ್ಲಿ ದೊಡ್ಡ ವ್ಯತ್ಯಾಸ ಏನೂ ಆಗಲ್ಲ, ಎದುರು ಗಾಳಿ ಇದ್ದಾಗ ಒಂಚೂರು ಅನುಕೂಲ ಅಷ್ಟೆ. 18-19 ಅಡಿ ದೋಣಿಗೆ 8ರಿಂದ 9.9 ಸಾಕು. ಇನ್ನು ಇಲ್ಲಿನ ಇಕ್ಕಟ್ಟು ಜಲಸಂಧಿಗಳಲ್ಲಿ, ಟಕೋಮಾ ನ್ಯಾರೋಸ್‌ನಲ್ಲಿ ಉಬ್ಬರ ಇಳಿತದ ಸೆಳೆತ ಜೋರಾದಾಗ 5 ನಾಟ್ ಮುಟ್ಟುತ್ತೆ, ಡಿಸೆಪ್ಶನ್ ಪಾಸ್‌ನಲ್ಲಿ 8ರವರೆಗೂ ಹೋಗುತ್ತೆ, ಅದ್ರ ಎದುರಿಗೆ ಯಾವ ಕಿಕ್ಕರೂ ನಿಲ್ಲಲ್ಲ. ಅಲ್ಲಿಗೆ ಹೋಗೋರು ಒಳ್ಳೆ ಲಂಗರು, ಉದ್ದದ ಹಗ್ಗ, ಟೈಡ್ ಟೇಬಲ್ (ಉಬ್ಬರ ಇಳಿತದ ವೇಳಾಪಟ್ಟಿ) ಇಷ್ಟಕ್ಕೆ ಮೊದ್ಲು ದುಡ್ಡು ಹಾಕ್ಬೇಕು, ಸೆಳೆತ ತಿರುಗೋವರೆಗೂ ಕಾಯೋಕೆ.

ಹೆಚ್ಚಿನವರು ಗಮನಿಸದೇ ಇರೋದು ಶಾಫ್ಟ್ ಉದ್ದ, ಅಂದ್ರೆ ಮೋಟಾರ್ ದೋಣಿಗೆ ಕಚ್ಕೊಳ್ಳೋ ಜಾಗದಿಂದ ಕೆಳಗೆ ಪ್ರೊಪೆಲರ್ ಹತ್ರಕ್ಕೆ ಇಳಿಯೋ ಕಾಲಿನ ಉದ್ದ. 15, 20, 25 ಇಂಚು ಅಂತ ಬರುತ್ತೆ. ದೊಡ್ಡ ಇಂಜಿನ್ 20 ಇಂಚಿಂದು ಇದೆ ಅಂತ ಕಿಕ್ಕರೂ 20 ತಗೋತಾರೆ, ಆದ್ರೆ ದೊಡ್ಡದು ಮಧ್ಯದಲ್ಲಿರುತ್ತೆ, ಕಿಕ್ಕರ್ ಇರೋದು ಒಂದು ಪಕ್ಕಕ್ಕೆ, ಅಲೆಗೆ ದೋಣಿ ಓಲಾಡಿದಾಗ ಆ ಪಕ್ಕ ಮೇಲಕ್ಕೇಳುತ್ತೆ, ಪ್ರೊಪೆಲರ್ ಗಾಳಿ ಎಳ್ಕೊಂಡು ಇಂಜಿನ್ ಗುರ್ ಅಂತ ಬರೀ ರೇಸ್ ಆಗುತ್ತೆ, ದೋಣಿ ಮುಂದಕ್ಕೇ ಹೋಗಲ್ಲ. ಅದೂ ಕಿಕ್ಕರ್ ನಿಜವಾಗ್ಲೂ ಬೇಕಾಗೋ ದಿನ ನೀರು ಶಾಂತವಾಗಿ ಇರುತ್ತೆ ಅಂತ ಏನ್ ಗ್ಯಾರಂಟಿ? ಅದಕ್ಕೇ 20 ಇಂಚಿನ ಟ್ರಾನ್ಸಮ್‌ಗೂ (ಮೋಟಾರ್ ಕಟ್ಟೋ ದೋಣಿಯ ಹಿಂಬದಿ ಗೋಡೆ) ನಾನು 25 ಇಂಚಿಂದೇ ಹೇಳೋದು. ಜೊತೆಗೆ ಕಮ್ಮಿ ಪಿಚ್‌ನ, ಅಂದ್ರೆ ಒಂದು ಸುತ್ತಿಗೆ ಕಮ್ಮಿ ದೂರ ತಳ್ಳೋ ಪ್ರೊಪೆಲರ್ ಹಾಕ್ಸಿ, ಆಗುಂಬೆ ಘಾಟಿ ಹತ್ತೋ ಬಸ್ಸಿನ ಫಸ್ಟ್ ಗೇರ್ ಇದ್ದಂಗೆ, ಸ್ಪೀಡ್ ಇಲ್ದಿದ್ರೂ ತಳ್ಳೋ ಶಕ್ತಿ ಇರುತ್ತೆ.

ಪೆಟ್ರೋಲ್ ವಿಷ್ಯ ಇನ್ನೂ ಮುಖ್ಯ. ದೊಡ್ಡ ಟ್ಯಾಂಕಿಂದಲೇ ಲೈನ್ ಎಳೆದ್ರೆ ಅನುಕೂಲ ನಿಜ, ಆದ್ರೆ ಇಲ್ಲಿ ಪೆಟ್ರೋಲಲ್ಲಿ ಸಾಮಾನ್ಯವಾಗಿ 10 ಪರ್ಸೆಂಟ್ ಎಥನಾಲ್ ಇರುತ್ತೆ, ಅದು ನೀರಿನಂಶ ಹೀರ್ಕೊಳ್ಳುತ್ತೆ, ಜಾಸ್ತಿ ಆದ್ರೆ ಬೇರ್ಪಟ್ಟು ಟ್ಯಾಂಕ್ ತಳಕ್ಕೆ ಕೂರುತ್ತೆ. ದೊಡ್ಡ ಇಂಜಿನ್ ಅದ್ರಿಂದಲೇ ನಿಂತಿದ್ರೆ ಅದೇ ಟ್ಯಾಂಕಿನ ಕಿಕ್ಕರ್ ಏನ್ ಉಪಯೋಗಕ್ಕೆ ಬರುತ್ತೆ? 3 ಗ್ಯಾಲನ್ನಿನ ಬೇರೆ ಟ್ಯಾಂಕ್ ಇಡಿ. ಹಾಗೇ ಬಟನ್ ಸ್ಟಾರ್ಟ್ ಇದ್ರೂ ಎಳೆದು ಸ್ಟಾರ್ಟ್ ಮಾಡೋ ಹಗ್ಗ ಇರ್ಲೇಬೇಕು, ಬ್ಯಾಟರಿ ಸತ್ತೇ ದೊಡ್ಡದು ನಿಂತಿರಬಹುದಲ್ಲ.

ಎಲೆಕ್ಟ್ರಿಕ್ ಬಗ್ಗೆನೂ ಕೇಳ್ತಾರೆ. ಇಪ್ರೊಪಲ್ಶನ್ ಸ್ಪಿರಿಟ್ ಅನ್ನೋ ಎಲೆಕ್ಟ್ರಿಕ್ ಮೋಟಾರಿನ ಬ್ಯಾಟರಿ 1276 ವ್ಯಾಟ್ ಅವರ್, 1 ಕಿಲೋವ್ಯಾಟ್‌ನಲ್ಲಿ ಪೂರ್ತಿ ಓಡಿಸಿದ್ರೆ ಒಂದೂಕಾಲು ಗಂಟೆ. ಕೆರೆಗೆ ಚೆನ್ನಾಗಿದೆ, ಸಮುದ್ರದ ನೀರಲ್ಲಿ ನಾನಂತೂ ನಂಬ್ಕೊಂಡು ಹೋಗಲ್ಲ.

ನಾನು ಕೊನೆಗೆ ತಗೊಂಡಿದ್ದು ತೊಹಾತ್ಸು ಕಂಪನಿಯ 9.8 ಎಚ್‌ಪಿ, 25 ಇಂಚು ಶಾಫ್ಟ್, ಹಗ್ಗ ಎಳೆಯೋದು. ಅದೇ ಕಂಪನಿ 9.9ರಲ್ಲಿ ಬ್ಯಾಟರಿ ಇಲ್ದೇ ನಡೆಯೋ ಫ್ಯೂಯಲ್ ಇಂಜೆಕ್ಷನ್ ಇದೆ, ಆದ್ರೆ ಅದಕ್ಕೂ 15, 20 ಎಚ್‌ಪಿಗೂ 333 ಸಿಸಿಯ ಒಂದೇ ಇಂಜಿನ್, ಹಾಗಾಗಿ ತೂಕ ಜಾಸ್ತಿ. 9.8 ಬರೀ 209 ಸಿಸಿ, 40 ಕೆಜಿ ಆಸುಪಾಸು. ದೋಣಿಯ ಒಂದು ಮೂಲೇಲಿ ತೂಗೋ ಭಾರ ಆದ್ರಿಂದ ನನಗೆ ಹಗುರದ್ದೇ ಸರಿ ಅನ್ನಿಸ್ತು, ಬ್ಯಾಟರಿನ ಇನ್ನೊಂದು ಪಕ್ಕಕ್ಕೆ ಸರಿಸಿ ಸಮ ಮಾಡ್ಕೊಂಡೆ. ಕಾರ್ಬುರೇಟರ್ ಇಂಜಿನ್ ಆದ್ರಿಂದ ಪೆಟ್ರೋಲ್ ಒಳಗೆ ನಿಂತ್ರೆ ಅಂಟುಕಟ್ಟುತ್ತೆ, ಹಾಗಾಗಿ ಪ್ರತಿ ಸಲ ವಾಪಸ್ ಬಂದ್ಮೇಲೆ ಸಿಹಿನೀರಲ್ಲಿ ಓಡಿಸ್ತಾ ಉಪ್ಪು ತೊಳೆದು, ಪೆಟ್ರೋಲ್ ಲೈನ್ ಕಿತ್ತು, ಒಳಗಿರೋ ಪೆಟ್ರೋಲ್ ಮುಗಿದು ತಾನಾಗೇ ನಿಲ್ಲೋವರೆಗೂ ಬಿಡ್ತೀನಿ.