ವಾರ್ಡಿನ ಡ್ಯೂಟಿ ಬೋರ್ಡಿನ ಆರು ಹೆಸರುಗಳು

ಕಳೆದ ಮಳೆಗಾಲದಲ್ಲಿ ಅವ್ವನನ್ನು ನಮ್ಮ ಭಾಗದ ಸರ್ಕಾರಿ ಬೋಧನಾ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆ. ವಾರ್ಡಿನ ಬೋರ್ಡಿನಲ್ಲಿ ಆರು ಮಂದಿ ಪಿ.ಜಿ. (ಸ್ನಾತಕೋತ್ತರ) ವೈದ್ಯರ ಹೆಸರಿದ್ದವು. ಇಬ್ಬರು ರಾಜಸ್ಥಾನದವರು, ಒಬ್ಬಾಕೆ ಕೇರಳದವರು, ಒಬ್ಬರು ಬಳ್ಳಾರಿಯವರು, ಒಬ್ಬರು ಸಿಂಧನೂರಿನವರು ಎಂಬುದು ನಾಲ್ಕು ದಿನ ಕುಳಿತಲ್ಲೇ ತಿಳಿಯಿತು. ಆರನೆಯವರಿಗೆ ವಯಸ್ಸು ನಲವತ್ತರ ಹತ್ತಿರ. ತಾಲ್ಲೂಕು ಆಸ್ಪತ್ರೆಯಲ್ಲಿ ದುಡಿದು, ಸೇವಾನಿರತರ ಕೋಟಾದಲ್ಲಿ ಮತ್ತೆ ವಿದ್ಯಾರ್ಥಿಯಾದವರು.

ಈ ಬೆರಕೆ ಆಕಸ್ಮಿಕವಲ್ಲ. ಸರ್ಕಾರಿ ಕಾಲೇಜುಗಳ ಸ್ನಾತಕೋತ್ತರ ಸೀಟುಗಳಲ್ಲಿ ಅರ್ಧದಷ್ಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ; ನೀಟ್ ಪ್ರವೇಶ ಪರೀಕ್ಷೆಯ ರ‍್ಯಾಂಕ್ ಹಿಡಿದು ಯಾವ ರಾಜ್ಯದವರಾದರೂ ಬರಬಹುದು. ಆ ಕೋಟಾದಲ್ಲಿ 2021ರಿಂದ ಹಿಂದುಳಿದ ವರ್ಗಗಳಿಗೆ ಶೇಕಡಾ 27ರ ಮೀಸಲಾತಿಯೂ ಇದೆ. ಇತ್ತ ರಾಜ್ಯದ ಪಾಲಿನಲ್ಲಿ, ಸಂವಿಧಾನದ 371(ಜೆ) ವಿಧಿಯ ಬಲದಿಂದ ಕಲ್ಯಾಣ ಕರ್ನಾಟಕದ ಕಾಲೇಜುಗಳ ಶೇಕಡಾ 70 ಸೀಟುಗಳು ಇಲ್ಲಿನವರಿಗೇ ಮೀಸಲು. ಬಳ್ಳಾರಿಯಲ್ಲಿ 1961ರಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದರೂ ಅಂಥದೊಂದು ರಾಯಚೂರಿಗೆ ಬರಲು 2007, ಕೊಪ್ಪಳಕ್ಕೆ ಬರಲು 2015 ಆಗಬೇಕಾಯಿತು ಎಂಬುದನ್ನು ನೆನೆದರೆ, ಈ ಮೀಸಲಾತಿಯನ್ನು ಔದಾರ್ಯವೆನ್ನಲು ನನಗೆ ಮನಸ್ಸಾಗದು.

ಎರಡನೆಯ ರಾತ್ರಿ ಅವ್ವ, "ಕಾಲು ಜೋಮ್ ಹಿಡದಾವಪ್ಪಾ" ಎಂದಳು. ರಾಜಸ್ಥಾನದ ಹುಡುಗ ಆಕೆಯ ಮೊಣಕಾಲನ್ನು ಮೆಲ್ಲಗೆ ಮಡಚಿ, "ದರ್ದ್?" ಎಂದು ಕೇಳಿದ. ಅವ್ವ ಗೊತ್ತಿದ್ದ ಉರ್ದುವಿನಲ್ಲಿ "ನೈ" ಎಂದಳು. ಅವನು ನೋವಿಲ್ಲವೆಂದು ಬರೆದುಕೊಂಡು ಮುಂದಿನ ಹಾಸಿಗೆಗೆ ಹೋದ. ಜೋಮು ಕೇಸ್ ಶೀಟಿಗೆ ಏರಿದ್ದು ಮರುದಿನ ಬೆಳಿಗ್ಗೆ, ಸಿಂಧನೂರಿನ ವೈದ್ಯೆ ಬಂದ ಮೇಲೆ. ಆಕೆ ಸಕ್ಕರೆ ಕಾಯಿಲೆ ಎಷ್ಟು ವರ್ಷದ್ದೆಂದು ಕೇಳಿ, ಪಾದವನ್ನು ಬೆರಳಬೆರಳಿಗೂ ಮುಟ್ಟಿ ನೋಡಿದರು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ನಿದ್ದೆಯಿಲ್ಲದೆ ಅವನ ಕಣ್ಣು ಕೆಂಪಾಗಿದ್ದವು. ಹೊರಗಿನವರು ಬರಬಾರದೆಂಬ ವಾದವೂ ನನ್ನದಲ್ಲ. ಆದರೆ ಎಂಬಿಬಿಎಸ್ ಮಕ್ಕಳಿಗೆ 2019ರಿಂದ ಆರಂಭದಲ್ಲೇ ಸ್ಥಳೀಯ ಭಾಷೆಯ ಪಾಠವಿರುವಾಗ, ರಾತ್ರಿಯೆಲ್ಲ ವಾರ್ಡು ನೋಡುವ ಈ ಪಿ.ಜಿ.ಗಳು ಕನ್ನಡವನ್ನು ಆಯಾಗಳಿಂದಲೂ ರೋಗಿಗಳಿಂದಲೂ ಹೆಕ್ಕಿಕೊಳ್ಳಬೇಕಾಗಿದೆ. ಕೋರ್ಸು ಮೂರು ವರ್ಷದ್ದು. ಕೇರಳದ ವೈದ್ಯೆ ಅಂತಿಮ ವರ್ಷದವರು. ಅವ್ವನನ್ನು "ಹ್ಯಾಂಗದೀರವ್ವಾ" ಎಂದು ಮಾತನಾಡಿಸುತ್ತಿದ್ದರು. ಪರೀಕ್ಷೆ ಮುಗಿದರೆ ಊರಿಗೆ ಹೋಗುವುದಾಗಿ ಹೇಳಿದರು.