ಕಾನ್ಸಾಸ್ ಸಿಟಿಯಲ್ಲಿ 59ರ ಪಿಚರ್‌ನ ಜಾಡು ಹಿಡಿದು

ಸೇಂಟ್ ಲೂಯಿಸ್‌ನಲ್ಲಿರುವ ಅಣ್ಣನ ಮಗನ ಮನೆಯಲ್ಲಿ ಎರಡು ವಾರ ಕಳೆದ ಮೇಲೆ ಅವನೂ ನಾನೂ ರೈಲು ಹತ್ತಿ, ಮಿಸ್ಸೌರಿ ರಾಜ್ಯವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿ ಕಾನ್ಸಾಸ್ ಸಿಟಿಗೆ ಹೋದೆವು. ಹಿಂದಿನ ವರ್ಷವಷ್ಟೇ 60 ತುಂಬಿ ಸರ್ಕಾರಿ ಕಾಲೇಜಿನಿಂದ ನಿವೃತ್ತನಾಗಿದ್ದ ನನಗೆ, 59ನೇ ವಯಸ್ಸಿನಲ್ಲಿ ಅಮೆರಿಕದ ಬೇಸ್‌ಬಾಲ್‌ನ ಅತ್ಯುನ್ನತ ಲೀಗಾದ ಮೇಜರ್ ಲೀಗ್‌ನ ಪಂದ್ಯವೊಂದರಲ್ಲಿ ಪಿಚರ್ ಆಗಿ, ಅಂದರೆ ಬ್ಯಾಟರ್‌ಗೆ ಚೆಂಡೆಸೆಯುವವರಾಗಿ, ಆಡಿದವರೊಬ್ಬರಿದ್ದರು ಎಂಬ ಅವನ ಮಾತು ಉತ್ಪ್ರೇಕ್ಷೆಯೆನಿಸಿತ್ತು. ‘ಬನ್ನಿ ಚಿಕ್ಕಪ್ಪ, ತೋರಿಸ್ತೀನಿ’ ಎಂದು ಹೊರಡಿಸಿದವನು ಅವನೇ.

18ನೇ ರಸ್ತೆ ಮತ್ತು ವೈನ್ ಬೀದಿ ಕೂಡುವ ಕಡೆ, ಜಾಝ್ ಸಂಗೀತದ ವಸ್ತುಸಂಗ್ರಹಾಲಯದ ಮಗ್ಗುಲಲ್ಲೇ, ಮೇಜರ್ ಲೀಗ್ ಹೊರಗಿಟ್ಟ ಕರಿಯ ಆಟಗಾರರ ಲೀಗುಗಳ ಕಥೆ ಹೇಳುವ ನೀಗ್ರೋ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂ ಇದೆ. ಒಳಗೆ ಕಾಲಿಟ್ಟೊಡನೆ ಎದುರಾಗುವುದು ಕೋಳಿಗೂಡಿಗೆ ಹಾಕುವಂಥ ತಂತಿಯ ಜಾಲರಿ; ಅದರಾಚೆ ಪುಟ್ಟದೊಂದು ಮೈದಾನದಲ್ಲಿ ಕಂಚಿನ ಆಟಗಾರರು ತಮ್ಮ ತಮ್ಮ ಜಾಗಗಳಲ್ಲಿ ನಿಂತಿದ್ದಾರೆ. ಇಡೀ ಇತಿಹಾಸವನ್ನು ಓದಿಕೊಂಡು ಸುತ್ತು ಹಾಕಿ ಬಂದ ಮೇಲಷ್ಟೇ ಆ ಮೈದಾನಕ್ಕೆ ಪ್ರವೇಶ. ಕರಿಯರನ್ನು ಹೊರಗಿಟ್ಟು ಆಡಿದ ಆಟವನ್ನು ಹೇಳಲು ಇದಕ್ಕಿಂತ ಒಳ್ಳೆಯ ಉಪಾಯ ನನಗಂತೂ ತೋಚದು. ಕುಕ್ಕರಗಾಲಲ್ಲಿ ಕೂತವರು, ಪಿಚರ್ ಎಸೆದ ಚೆಂಡನ್ನು ಹಿಡಿಯುವ ಕ್ಯಾಚರ್ ಜಾಷ್ ಗಿಬ್ಸನ್. ಅವರೆದುರು ಪಿಚರ್‌ನ ದಿಬ್ಬದ ಮೇಲೆ ಉದ್ದನೆಯ, ತೆಳ್ಳನೆಯ ಸ್ಯಾಚೆಲ್ ಪೇಜ್; ಹುಡುಗ ಹೇಳಿದ್ದ 59ರ ಪಿಚರ್ ಇವರೇ.

ಪೇಜ್ ಹುಟ್ಟಿದ್ದು 1906ರಲ್ಲಿ, ಅಲಬಾಮಾದ ಮೊಬೀಲ್ ಊರಿನಲ್ಲಿ. ವಯಸ್ಸು ಕೇಳಿದವರಿಗೆ ಅವರು, ಜನ್ಮದಿನಾಂಕ ಬರೆದಿಟ್ಟಿದ್ದ ಮನೆಯ ಬೈಬಲ್ಲನ್ನು ಮೇಕೆ ತಿಂದುಹೋಯಿತೆಂದು ಹೇಳುತ್ತಿದ್ದರಂತೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡದ್ದನ್ನೇ ಹುಟ್ಟಿದ ದಿನವಾಗಿ ಒಪ್ಪಿಕೊಂಡವರ ಮನೆಯಿಂದ ಬಂದ ನನಗೆ ಆ ಮೇಕೆ ಅಪರಿಚಿತವೆನಿಸಲಿಲ್ಲ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಊರೂರು ಸುತ್ತಿ ಆಡಿದ ಮೇಲೆ, ವರ್ಣಭೇದದ ಬಾಗಿಲು ತೆರೆದು, 1948ರಲ್ಲಿ ಮೇಜರ್ ಲೀಗ್‌ನ ಕ್ಲೀವ್‌ಲೆಂಡ್ ತಂಡ ಅವರನ್ನು ಸೇರಿಸಿಕೊಂಡಾಗ ಅವರಿಗೆ 42 ವರ್ಷ. ನಮ್ಮ ಅನಿಲ್ ಕುಂಬ್ಳೆಯವರು ಟೆಸ್ಟ್ ಕ್ರಿಕೆಟ್ ಬಿಟ್ಟದ್ದು 38ಕ್ಕೆ. ಪೇಜ್ ‘ಹೊಸಬ’ ಎನಿಸಿಕೊಂಡದ್ದು ಅದಕ್ಕಿಂತ ನಾಲ್ಕು ವರ್ಷ ಹೆಚ್ಚಿನ ವಯಸ್ಸಿನಲ್ಲಿ. ಆ ವರ್ಷ ಅವರ ಲೆಕ್ಕಕ್ಕೆ ಆರು ಗೆಲುವು, ಒಂದೇ ಸೋಲು.

ಕ್ರಿಕೆಟ್ ಬೌಲರ್‌ನ ಹಾಗೆ ಪಿಚರ್‌ಗೆ ಓಟದ ನೆರವಿಲ್ಲ. ನಿಂತ ನಿಲುವಿನಲ್ಲೇ ಮೊಣಕೈ ಮಡಿಚಿ ಬೀಸಬೇಕಾದ್ದರಿಂದ ಹೊರೆಯ ಬಹುಪಾಲು ಭುಜ, ಮೊಣಕೈಗಳ ಮೇಲೆ ಬೀಳುತ್ತದೆ. ಪೇಜ್ ಅವರ ತೋಳು 1938ರಲ್ಲೇ ಕೈಕೊಟ್ಟಿತ್ತು. ಚೇತರಿಸಿಕೊಂಡು ಬಂದ ಮೇಲೆ ಅವರು ನೆಚ್ಚಿದ್ದು ಬರೀ ವೇಗವನ್ನಲ್ಲ, ಗುರಿಯನ್ನು ಮತ್ತು ಬ್ಯಾಟರ್‌ನ ತಾಳ ತಪ್ಪಿಸುವ ತಡೆದೆಸೆತಗಳನ್ನು. ಮುದಿ ಪಿಚರ್‌ಗಳೆಲ್ಲರ ದಾರಿ ಹೆಚ್ಚುಕಡಿಮೆ ಇದೇ. 2012ರಲ್ಲಿ ಡೆನ್ವರ್‌ನಲ್ಲಿ 49ರ ಜೇಮಿ ಮೋಯರ್ ಪಂದ್ಯ ಗೆದ್ದು ಅತಿ ಹಿರಿಯ ವಿಜೇತ ಪಿಚರ್ ಎನಿಸಿಕೊಂಡದ್ದು, ಕಾಲೇಜು ಹುಡುಗರೂ ಮೀರಿಸಬಲ್ಲ ವೇಗದ ಎಸೆತಗಳಿಂದ. ಇದೇ ಊರಿನ ರಾಯಲ್ಸ್ ತಂಡಕ್ಕೆ 2025ರ ಜುಲೈನಲ್ಲಿ 45ರ ರಿಚ್ ಹಿಲ್ ಎರಡು ಪಂದ್ಯ ಆಡಿದರು. ಅದು ಅವರ 14ನೇ ತಂಡ.

ಮಧ್ಯಾಹ್ನ ಫಾರೆಸ್ಟ್ ಹಿಲ್ ಸ್ಮಶಾನಕ್ಕೆ ಹೋದೆವು. ಪೇಜ್ ಮತ್ತು ಅವರ ಪತ್ನಿ ಲಹೋಮಾ ಅವರ ಸಮಾಧಿ ಉಳಿದವುಗಳಿಂದ ಬೇರೆಯಾಗಿ, ದಾರಿಗಳ ನಡುವೆ ದ್ವೀಪದಂತೆ ಉಳಿದ ಹುಲ್ಲಿನ ತುಣುಕಿನಲ್ಲಿದೆ. ಕಲ್ಲಿನ ಬುಡದಲ್ಲಿ ಯಾರೋ ಇಟ್ಟುಹೋದ ಚೆಂಡು ಮಳೆಗೆ ನೆನೆದು, ಅದರ ಕೆಂಪು ಹೊಲಿಗೆ ಕಂದಿಹೋಗಿತ್ತು. ಪಿಂಚಣಿಯ ಸಂಗತಿಯನ್ನು ಹುಡುಗ ಹೇಳಿದ್ದು ಅಲ್ಲಿಯೇ. ಲೀಗಿನ ಪಿಂಚಣಿಗೆ ಬೇಕಾದ ಸೇವಾವಧಿಗೆ ಪೇಜ್ ಅವರಿಗೆ 158 ದಿನ ಕಡಿಮೆ ಬಿದ್ದಿತ್ತು. 1968ರಲ್ಲಿ ಅಟ್ಲಾಂಟಾ ಬ್ರೇವ್ಸ್ ತಂಡ ಅವರನ್ನು ಸೇರಿಸಿಕೊಂಡು ಆ ಕೊರತೆಯನ್ನು ತುಂಬಿಕೊಟ್ಟಿತು. ಸೇವಾ ಪುಸ್ತಕ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದ ನೆನಪು ಇನ್ನೂ ಹಸಿಯಾಗಿದ್ದ ನನಗೆ, ಅವರ ಗೆಲುವುಗಳ ಲೆಕ್ಕಕ್ಕಿಂತ ಈ 158 ದಿನಗಳೇ ಹೆಚ್ಚು ನಾಟಿದವು. ಯೌವನದ ಅಷ್ಟೊಂದು ವರ್ಷಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಆಟ, ಕೊನೆಗೆ ದಿನ ಎಣಿಸುತ್ತ ಕೂತಿತ್ತು.

ಸಂಜೆ ಹೊತ್ತಿಗೆ ಬ್ರೂಕ್ಲಿನ್ ಅವೆನ್ಯೂ ತಲುಪಿದೆವು. ಮುನಿಸಿಪಲ್ ಸ್ಟೇಡಿಯಂ ಇದ್ದದ್ದು ಇಲ್ಲಿಯೇ. 1976ರಲ್ಲಿ ಅದನ್ನು ಕೆಡವಿದರು, ಈಗ ಮನೆಗಳೆದ್ದಿವೆ. 1965ರ ಸೆಪ್ಟೆಂಬರ್ 25ರಂದು ಕಾನ್ಸಾಸ್ ಸಿಟಿ ಅಥ್ಲೆಟಿಕ್ಸ್ ತಂಡದ ಒಡೆಯ ಚಾರ್ಲಿ ಫಿನ್ಲಿ, ಜನರನ್ನು ಸೆಳೆಯುವ ಸಲುವಾಗಿಯೇ 59ರ ಪೇಜ್ ಅವರನ್ನು ಕಣಕ್ಕಿಳಿಸಿದರು. ತೂಗುಕುರ್ಚಿಯಲ್ಲಿ ಕೂರಿಸಿ ಪಕ್ಕದಲ್ಲೊಬ್ಬ ನರ್ಸನ್ನೂ ನಿಲ್ಲಿಸಿದ್ದರು. ನಗಿಸಲೆಂದು ಕರೆತಂದ ಮುದುಕ ಬಾಸ್ಟನ್ ರೆಡ್ ಸಾಕ್ಸ್ ವಿರುದ್ಧ ಮೂರು ಇನಿಂಗ್ಸ್ ಎಸೆದು, ಕಾರ್ಲ್ ಯಸ್ಟ್ರೆಮ್‌ಸ್ಕಿ ಒಬ್ಬರಿಗೆ ಬಿಟ್ಟು ಮತ್ತಾರಿಗೂ ಹಿಟ್ (ಬೇಸ್ ಮುಟ್ಟಿಸುವ ಹೊಡೆತ) ಕೊಡಲಿಲ್ಲ. ಒಂದು ರನ್ನೂ ಬರಲಿಲ್ಲ.

ಹುಡುಗ ಚೀಲದಿಂದ ಚೆಂಡು ತೆಗೆದು, ಬೆರಳುಗಳನ್ನು ಹೊಲಿಗೆಗೆ ಅಡ್ಡವಾಗಿ ಕೂರಿಸುವುದನ್ನು ತೋರಿಸಿದ. ಪಿಚರ್‌ಗೂ ಬ್ಯಾಟರ್ ನಿಲ್ಲುವ ಪ್ಲೇಟಿಗೂ ಅರವತ್ತೂವರೆ ಅಡಿ. ಹುಲ್ಲಿನ ಮೇಲೆ ಇಪ್ಪತ್ತನಾಲ್ಕು ಹೆಜ್ಜೆ ಎಣಿಸಿ ಅವನು ಅತ್ತ ಕೂತ. ನನ್ನ ಬಲಗೈ ಕಿವಿಗಿಂತ ಮೇಲೇಳಲಿಲ್ಲ. ಚೆಂಡು ಎರಡು ಸಲ ಪುಟಿದು, ಉರುಳಿಕೊಂಡು ಅವನ ಕಾಲಬುಡಕ್ಕೆ ಬಂತು.

‘ಬಾಲ್, ಚಿಕ್ಕಪ್ಪ’ ಎಂದ. ಗುರಿ ತಪ್ಪಿದ ಎಸೆತಕ್ಕೆ ಅಲ್ಲಿ ಹಾಗೆನ್ನುತ್ತಾರೆ. ಇನ್ನೂ ಎರಡು ಸಲ ತಪ್ಪಬಹುದೆಂದು ಹೇಳಿ ಚೆಂಡನ್ನು ನನ್ನತ್ತ ಹಿಂದಕ್ಕೆಸೆದ.