ಸರೋವರ ಅಳೆದೆವು, ದಂಡೆಯನ್ನು ಬಿಟ್ಟೆವು

ನಮ್ಮ ಕಚೇರಿಯ ಡ್ಯಾಶ್‌ಬೋರ್ಡ್ ಹಿಮಾಲಯದ ಹಿಮನದಿ ಸರೋವರಗಳಿಗೆ ಬಣ್ಣ ಕೊಡುವುದು ವಿಸ್ತೀರ್ಣವೊಂದನ್ನೇ ನೋಡಿ: ಹಿಗ್ಗುತ್ತಿದ್ದರೆ ಕೆಂಪು, ಇದ್ದಷ್ಟೇ ಇದ್ದರೆ ಹಸಿರು. ಉತ್ತರ ಸಿಕ್ಕಿಂನ ದಕ್ಷಿಣ ಲೊನಾಕ್ ಸರೋವರ ಬಹುಕಾಲದಿಂದ ಕೆಂಪಿನಲ್ಲಿತ್ತು, ಹಾಗಾಗಿಯೇ ಅದನ್ನು ಯಾರೂ ಗಮನಿಸುತ್ತಿರಲಿಲ್ಲ.

2023ರ ಅಕ್ಟೋಬರ್ 4ರ ಬೆಳಿಗ್ಗೆ, ಆ ಸರೋವರ ಒಡೆದು ಕೆಳಕಣಿವೆಯ ಚುಂಗ್‌ಥಾಂಗ್‌ನ ತೀಸ್ತಾ-3 ಅಣೆಕಟ್ಟು ರಾತ್ರೋರಾತ್ರಿ ಕೊಚ್ಚಿಹೋಗಿದೆ ಎಂಬ ಸುದ್ದಿಯ ಬೆನ್ನಿಗೇ, ತಕ್ಷಣ ನಕ್ಷೆ ಬೇಕೆಂದು ಮ್ಯಾನೇಜರ್ ಹೇಳಿದರು. ಮೋಡ ಕವಿದಿದ್ದರಿಂದ ಆಪ್ಟಿಕಲ್ ಸೀನ್‌ಗಳು, ಅಂದರೆ ಬೆಳಕಿನಲ್ಲಿ ತೆಗೆದ ಉಪಗ್ರಹ ಚಿತ್ರಗಳು, ಉಪಯೋಗಕ್ಕೆ ಬರಲಿಲ್ಲ. ಮೋಡ ದಾಟಿ ನೋಡುವ ರಾಡಾರ್ ಸೀನ್ ಇಳಿದ ಮೇಲೆ, ಇಷ್ಟಕ್ಕಿಂತ ಕಪ್ಪಾದದ್ದೆಲ್ಲ ನೀರು ಎಂಬ ಥ್ರೆಶೋಲ್ಡ್ ಹಾಕಿ ನೋಡಿದರೆ ನೀರೂ ಕಪ್ಪು, ಬೆಟ್ಟದ ನೆರಳೂ ಕಪ್ಪು. ನೆರಳನ್ನು ಬೇರ್ಪಡಿಸುವ ಶ್ಯಾಡೋ ಮಾಸ್ಕ್ ಹಾಕದೆ ನಕ್ಷೆ ಕೊಡಲಾಗದೆಂದು ನಾನು ಪಟ್ಟು ಹಿಡಿದೆ. ಗ್ರಾಹಕರು ಫೋನಿನಲ್ಲೇ ಕಾಯುತ್ತಿದ್ದಾರೆಂದು ಮ್ಯಾನೇಜರ್ ಗದರಿದರು. ಸರೋವರದ ಗಡಿಗೆ ಎಳೆದ ಪಾಲಿಗಾನಿನ ಒಂದೊಂದೇ ವರ್ಟೆಕ್ಸ್ (ಮೂಲೆಬಿಂದು) ಹಿಡಿದು ಅಂಚಿಗೆ ಸರಿಸುತ್ತಿದ್ದಷ್ಟು ಹೊತ್ತೂ ಅವರು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಇಸ್ರೊ ಪ್ರಕಟಿಸಿದ ಲೆಕ್ಕದಂತೆ ಸೆಪ್ಟೆಂಬರ್ 28ರಂದು 167.4 ಹೆಕ್ಟೇರ್ ಇದ್ದ ಸರೋವರ ಅಂದು 60.3 ಹೆಕ್ಟೇರಿಗೆ ಕುಗ್ಗಿತ್ತು. ನೂರು ಹೆಕ್ಟೇರ್ ಖಾಲಿಯಾಯಿತು ಎಂಬುದೇ ನಮ್ಮ ಸ್ಲೈಡಿನ ತಲೆಬರಹವಾಯಿತು.

ತಲೆಬರಹ ಸುಳ್ಳಲ್ಲ, ಆದರೆ ಕಣಿವೆಗೆ ಒದಗಿದ್ದು ಅದರಲ್ಲಿ ಇರಲಿಲ್ಲ. ಸರೋವರದ ಪಕ್ಕದ ಹೆಪ್ಪುಗಟ್ಟಿದ ಮೊರೇನ್ (ಹಿಮನದಿ ತಂದು ಒಟ್ಟಿದ ಕಲ್ಲುಮಣ್ಣಿನ ದಿಬ್ಬ) ಇಳಿಜಾರಿನಿಂದ ಸುಮಾರು 1.47 ಕೋಟಿ ಘನ ಮೀಟರ್ ರಾಶಿ ನೀರಿಗೆ ಕುಸಿದು, 20 ಮೀಟರಿನಷ್ಟು ಎತ್ತರದ ಅಲೆ ಎದ್ದು, ಸರೋವರದ ಮುಂಭಾಗದ ಮೊರೇನನ್ನು ಕೊರೆದು ಹೊರನುಗ್ಗಿತೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಹೊರಬಿದ್ದ ನೀರು ಸುಮಾರು 5 ಕೋಟಿ ಘನ ಮೀಟರ್. ಅದು ದಾರಿಯುದ್ದಕ್ಕೂ ಕೊರೆದ ಮಣ್ಣು, ಮರಳು, ಬಂಡೆ ಸುಮಾರು 27 ಕೋಟಿ. ನಾವಾದರೋ ನದಿಯ ಹಳೆಯ ಕ್ರಾಸ್ ಸೆಕ್ಷನ್‌ಗಳ (ಅಡ್ಡಕೊಯ್ತದ ಅಳತೆಗಳ) ಮೇಲೆ ತಿಳಿನೀರನ್ನು ಹರಿಸಿದ ಮಾಡೆಲ್ಲನ್ನು ನಂಬಿ ಕೂತಿದ್ದೆವು. ಹೂಳಿನಿಂದ ತೀಸ್ತಾ ನದಿಯ ತಳವೇ ಮೇಲೇರಿದ್ದರಿಂದ, ಮರುವರ್ಷದ ಮಳೆಗಾಲದಲ್ಲಿ ಅದಕ್ಕಿಂತ ಎಷ್ಟೋ ಚಿಕ್ಕ ಪ್ರವಾಹಕ್ಕೇ ಕೆಳಕಣಿವೆಯ ತೀಸ್ತಾ ಬಜಾರಿನ ರಸ್ತೆ ಮುಳುಗಿತು.

ಕುಸಿದ ಇಳಿಜಾರು ವರ್ಷಗಳಿಂದ ಸರಿಯುತ್ತಿದ್ದದ್ದು ಹಳೆಯ ಸೀನ್‌ಗಳನ್ನು ಜೋಡಿಸಿದರೆ ಕಾಣುತ್ತದೆ. ನೀರಿನ ಅಂಚಿನಲ್ಲೇ ಕ್ಲಿಪ್ ಮಾಡಿ ಉಳಿದದ್ದನ್ನು ಎಸೆಯುವುದು ನಮ್ಮ ಪದ್ಧತಿ. ಇಳಿಜಾರಿನ ಚಲನೆಗೊಂದು ಕಾಲಂ ಸೇರಿಸಬೇಕೆಂದು ಟಿಪ್ಪಣಿ ಬರೆದೆ. ಒಪ್ಪಂದದ ಸ್ಕೋಪಿನಲ್ಲಿ ವಿಸ್ತೀರ್ಣ ಮಾತ್ರ ಇದೆ ಎಂಬ ಉತ್ತರ ಬಂತು. ಈಗ ಕ್ಲಿಪ್ ಮಾಡುವ ಮುನ್ನ ಪೂರ್ತಿ ಸೀನ್‌ನ ಒಂದು ನಕಲನ್ನು ಬೇರೆ ಫೋಲ್ಡರಿನಲ್ಲಿ ಉಳಿಸುತ್ತಿದ್ದೇನೆ. ಸರ್ವರಿನಲ್ಲಿ ಜಾಗ ತುಂಬಿತೆಂದು ಐಟಿಯವರಿಂದ ಆಗಲೇ ಎಚ್ಚರಿಕೆಯ ಮೇಲ್ ಬಂದಿದೆ.